ಸಮಿತಿಯಲ್ಲಿ ಕೂತ ಸೋದರಮಾವ

ಅಮೆರಿಕದ ಮೂಲನಿವಾಸಿ ನವಾಹೋ ಜನರ ನಾಡಿನಲ್ಲಿ, ವಾಲುಬಂಡೆ ಎಂಬ ಊರಿನ ಶಾಲೆಗೆ ಬಂದ ಪ್ರಿನ್ಸಿಪಾಲರೆಲ್ಲ ಹೊರಗಿನವರೇ. ಆಗಸ್ಟಿನಲ್ಲಿ ಹೊಸ ಟೋಪಿ ಹಾಕಿಕೊಂಡು ಬರುವುದು, ವಸಂತದ ಗಾಳಿಗೆ ಬಾಯ್ತುಂಬ ಮರಳು ತಿನ್ನುವುದು, ಬೇಸಿಗೆ ರಜೆಗೆಂದು ಹೋಗಿ ಅತ್ತಲೇ ಮಾಯವಾಗುವುದು. ಒಬ್ಬರ ಹೆಸರು ಮಕ್ಕಳ ನಾಲಿಗೆಗೆ ಹೊಂದುವಷ್ಟರಲ್ಲಿ ಇನ್ನೊಬ್ಬರು. ಅದೇ ಶಾಲೆಯಲ್ಲಿ ಓದಿ, ಅಲ್ಲೇ ಮೂರನೇ ತರಗತಿಗೆ ಪಾಠ ಹೇಳುತ್ತಿದ್ದ ಅರ್ಲಿಂಡಾ ಎಟ್ಸಿಟಿಗೆ ಇದನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತಿತ್ತು. ಹಾಗಾಗಿ ನವಾಹೋ ಮೇಷ್ಟರುಗಳನ್ನೇ ನವಾಹೋ ಶಾಲೆಗಳಿಗೆ ಪ್ರಿನ್ಸಿಪಾಲರನ್ನಾಗಿ ತಯಾರು ಮಾಡುತ್ತೇವೆಂದು ಕಾಲೇಜಿನವರು ಶನಿವಾರದ ತರಗತಿ ತೆರೆದಾಗ ಅವಳು ಹಿಂದೆಮುಂದೆ ನೋಡದೆ ಸೇರಿಕೊಂಡಳು.

ಆ ತರಗತಿಯ ಗುರು ವಿಲ್ಮರ್ ಮೆನಿಗೋಟ್ಸ್. ಊರೂರಿನ ಶಾಲೆಗಳನ್ನು ನಡೆಸಿ ನಿವೃತ್ತನಾದವನು, ಮಾತಿನ ಮಲ್ಲ. ಮೊದಲ ದಿನ ಅರ್ಲಿಂಡಾ ಎದ್ದು ನಿಂತು ತನ್ನ ಡಿಗ್ರಿ, ಅನುಭವ ಎಂದು ಶುರುಮಾಡಿದ್ದಳು. ಅವನು ಕೈ ಎತ್ತಿ ತಡೆದ.

"ನಿಲ್ಲಿಸಮ್ಮ ತಾಯಿ. ಡಿಗ್ರಿ ಗೋಡೆಗೆ ತಗುಲಿ ಹಾಕೋಕೆ. ನೀನು ಯಾರವಳು, ಅದನ್ನ ಹೇಳು ಮೊದಲು."

ಅರ್ಲಿಂಡಾ ನಾಚಿಕೊಂಡು ನವಾಹೋ ಮಾತಿನಲ್ಲಿ ತನ್ನ ನಾಲ್ಕು ಕುಲ ಹೇಳಿದಳು; ಅವರಲ್ಲಿ ಮಕ್ಕಳದು ತಾಯಿಯ ಕುಲವೇ. ತಾಯಿಯ ಕಡೆ ಕಹಿನೀರಿನವರು, ತಂದೆಯ ಕಡೆ ಎತ್ತರಮನೆಯವರು, ತಾಯಿಯ ತಂದೆ ಉಪ್ಪಿನವರು, ತಂದೆಯ ತಂದೆ ಕೆಸರಿನವರು.

"ಕಹಿನೀರಾ? ನಾನೂ ಅದೇ. ಹಾಗಂದ್ರೆ ನಾನು ನಿನ್ನ ತಾಯಿಗೆ ತಮ್ಮನಾದೆ. ಸಿಕ್ಕಿಬಿದ್ದೆ ನೋಡು ಅಕ್ಕನ ಮಗಳೇ! ಇನ್ನು ನಿನ್ನ ಕಿವಿ ಹಿಂಡೋ ಹಕ್ಕು ನನ್ನದು."

ತರಗತಿ ನಕ್ಕಿತು. ಅರ್ಲಿಂಡಾಳ ಕಣ್ಣು ಮಾತ್ರ ತುಂಬಿಕೊಂಡಿತು. ಅವಳ ತಾಯಿಗೆ ಒಡಹುಟ್ಟಿದ ತಮ್ಮ ಒಬ್ಬನೇ ಇದ್ದ. ಅವನು ಸೈನ್ಯಕ್ಕೆ ಹೋದವನು ಹೆಣವಾಗಿ ಬಂದ. ಬೈಯಲು, ರೇಗಿಸಲು, ಬೆನ್ನಿಗೆ ನಿಲ್ಲಲು ಸೋದರಮಾವನಿಲ್ಲದೆ ಬೆಳೆದ ಹೆಣ್ಣು ಅವಳು.

ಅಂದಿನಿಂದ ಅವನು ಬರಿ ಮೇಷ್ಟರಲ್ಲ, ಮಾವ. ತಿಂಗಳಿಗೊಮ್ಮೆ ಮನೆಗೆ ಬಂದು ಅವಳ ತಾಯಿ ಡೆಸ್ಬಾ ಮಾಡಿದ ಕುರಿಮಾಂಸದ ಸಾರು ಸುರಿದುಕೊಂಡು, "ಅಕ್ಕಾ, ಈ ರೊಟ್ಟಿ ಮೆತ್ತಗಿಲ್ಲ, ಕುದುರೆಗೆ ಲಾಳ ಹೊಡೆಸಬಹುದು" ಎಂದು ಛೇಡಿಸಿ ಬೈಸಿಕೊಂಡು ಹೋಗುತ್ತಿದ್ದ. ಮಳೆ ಬಂದು ದಾರಿ ಕೆಸರಾದರೆ ಬಸ್ಸು ಎಲ್ಲಿ ನಿಲ್ಲಬೇಕು, ಮಂಡಳಿಯವರು ಕೂಗಾಡಿದರೆ ಯಾವಾಗ ಬಾಯಿ ಬಿಡಬೇಕು, ಯಾವಾಗ ಮುಚ್ಚಬೇಕು ಎಲ್ಲವನ್ನೂ ಕಲಿಸಿದ. ಒಮ್ಮೆ ಅವಳ ಶಾಲೆಯಲ್ಲೇ ಇಬ್ಬರು ಹುಡುಗರು ಮೂಗಿನಲ್ಲಿ ರಕ್ತ ಬರುವಂತೆ ಹೊಡೆದಾಡಿಕೊಂಡಾಗ ಅವಳು ಇಬ್ಬರಿಗೂ ಕುಲ ಹೇಳಿಸಿದಳು. ಲೆಕ್ಕ ಹಾಕಿದರೆ ಏಟು ತಿಂದವನು ಹೊಡೆದವನಿಗೆ ಅಜ್ಜನಾಗಬೇಕು! "ಅಜ್ಜನಿಗೆ ಹೊಡೀತೀಯೇನೋ?" ಎಂದು ಅವಳು ಕೇಳಿದ್ದೇ ತಡ, ಇಬ್ಬರೂ ಬಿದ್ದು ಬಿದ್ದು ನಕ್ಕರು. ಮಾವ ಆ ಶನಿವಾರ ಎಲ್ಲರ ಮುಂದೆ ಅದನ್ನೇ ಪಾಠ ಮಾಡಿದ. "ಹೊರಗಿನೋನು ಆಗಿದ್ರೆ ಇಬ್ಬರನ್ನೂ ಮನೆಗೆ ಅಟ್ಟಿರೋನು. ಪ್ರಿನ್ಸಿಪಾಲ್ ಅಂದ್ರೆ ಇವಳು" ಎಂದ.

ವಾಲುಬಂಡೆಯ ಕುರ್ಚಿ ಆ ಬೇಸಿಗೆಯಲ್ಲೂ ಖಾಲಿಯಾಯಿತು. ಅರ್ಲಿಂಡಾ ಅರ್ಜಿ ಹಾಕಿದಳು. ಇಷ್ಟು ವರ್ಷ ಅವಳು ಬಯಸಿದ್ದು ಅದೊಂದೇ ಕುರ್ಚಿ. ಆಯ್ಕೆ ಸಮಿತಿಗೆ ಮಾವನೇ ಅಧ್ಯಕ್ಷ ಎಂದು ತಿಳಿದಾಗ ಅವಳಿಗೆ ಸಂತೋಷದ ಜೊತೆಗೆ ಸಣ್ಣ ಅಳುಕೂ ಹುಟ್ಟಿತು. ಸಂದರ್ಶನದ ಹಿಂದಿನ ವಾರ ಅವನು ಊಟಕ್ಕೆ ಬಂದಾಗ ಕೇಳಿಯೇಬಿಟ್ಟಳು.

"ಸಂಬಂಧಿಕರು ಸಂದರ್ಶನ ಮಾಡೋ ಹಾಗಿಲ್ಲ ಅಂತ ನಿಯಮ ಇದೆಯಲ್ಲ ಮಾವ. ಅಲ್ಲಿ ಕುಲ ಹೇಳೋದೋ ಬೇಡವೋ?"

"ಅಯ್ಯೋ ಹುಚ್ಚಿ, ಅದು ಹೆಂಡತಿ-ಮಕ್ಕಳು, ಅಣ್ಣ-ತಮ್ಮಂದಿರಿಗೆ ಇರೋ ನಿಯಮ. ಕುಲ ಹಿಡಿದು ಲೆಕ್ಕ ಹಾಕ್ತಾ ಹೋದ್ರೆ ಈ ನಾಡಲ್ಲಿ ಒಬ್ಬ ಕಸ ಗುಡಿಸೋನನ್ನೂ ನೇಮಿಸೋಕಾಗಲ್ಲ." ಅವನು ಮೂಳೆ ಚೀಪುತ್ತ ಹೇಳಿದ. "ನಾನು ಕಲಿಸಿದ ಹಾಗೇ ಶುರುಮಾಡು. ನಾಲ್ಕೂ ಕುಲ, ಗಟ್ಟಿಯಾಗಿ. ನಾನಿದ್ದೀನಿ."

ಡೆಸ್ಬಾ ಆ ಮಾತು ಕೇಳಿ ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಿದಳು.

ಸಂದರ್ಶನದ ದಿನ ಅರ್ಲಿಂಡಾ ತಾಯಿಯ ಹಸಿರುಕಲ್ಲಿನ ಹಾರ ಹಾಕಿಕೊಂಡು ಹೋದಳು. ಮೇಜಿನಾಚೆ ಮೂವರು. ನಡುವೆ ಮಾವ, ಎಡಕ್ಕೆ ಶ್ರೀಮತಿ ಟೊಹಾನಿ, ಬಲಕ್ಕೆ ಹಾಸ್ಕೀ ಎಂಬ ಮುದುಕ. ಮೂಲೆಯಲ್ಲಿ ಮಾತೆಲ್ಲ ಬರೆದುಕೊಳ್ಳುವ ಗುಮಾಸ್ತೆ. ಅವಳು ನಿಂತು ಗಟ್ಟಿಯಾಗಿ ನಾಲ್ಕೂ ಕುಲ ಹೇಳಿದಳು. ಹೇಳಿದ ಮೇಲೆ ಕೇಳಿದವರು ಸಂಬಂಧ ಹಿಡಿದು ಉತ್ತರ ಕೊಡಬೇಕು, ಅದು ಪದ್ಧತಿ. ಕೊಡದೆ ಸುಮ್ಮನಿದ್ದರೆ ಬಾಗಿಲಿಗೆ ಬಂದವರ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ.

"ಎತ್ತರಮನೆಯವಳು ನಾನು. ನಿನಗೆ ಸೋದರತ್ತೆ ಆಗ್ತೀನಿ ಕಣಮ್ಮ" ಎಂದಳು ಶ್ರೀಮತಿ ಟೊಹಾನಿ.

"ಉಪ್ಪಿನವನು. ನಿನಗೆ ಅಜ್ಜ" ಎಂದ ಹಾಸ್ಕೀ ಮುದುಕ, ಇದ್ದ ನಾಲ್ಕು ಹಲ್ಲು ತೋರಿಸಿ.

ಮಾವ ಏನೂ ಹೇಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಅರ್ಲಿಂಡಾ ಕಾದಳು. ಏನೋ ತಮಾಷೆ ಇರಬೇಕು, ಈಗ ರೇಗಿಸುತ್ತಾನೆ ಎಂದುಕೊಂಡಳು. ಅವನು ತಲೆ ಎತ್ತದೆ ಗುಮಾಸ್ತೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ. ಸಮಿತಿಯ ಮೂವರೂ ತಮ್ಮ ಸಂಬಂಧಿಕರೆಂದು ಅರ್ಜಿದಾರರೇ ಒಪ್ಪಿಕೊಂಡಿದ್ದಾರೆ, ಬರೆದುಕೊಳ್ಳಿ. ನಿಯಮದಂತೆ ಇವರ ಅರ್ಜಿಯನ್ನು ಮುಂದಕ್ಕೆ ಒಯ್ಯುವ ಹಾಗಿಲ್ಲ.

ಶ್ರೀಮತಿ ಟೊಹಾನಿ ಏನೋ ಹೇಳಲು ಬಾಯಿ ತೆರೆದಳು. "ನಿಯಮ ನಂಗೊತ್ತು" ಎಂದ ಅವನು. ಶಾಲೆ ನಡೆಸಿದವನ ಮಾತು, ಅವಳು ಬಾಯಿ ಮುಚ್ಚಿದಳು. ಒಂದೇ ಒಂದು ಪ್ರಶ್ನೆ ಕೇಳಿಸಿಕೊಳ್ಳದೆ ಅರ್ಲಿಂಡಾ ಹೊರಗೆ ಬಂದಳು. ಅವಳ ನಂತರ ಒಳಗೆ ಹೋದವನು ಹಾಲ್ವರ್ಸನ್ ಎಂಬ ಹೊರಗಿನವನು. ಅವನಿಗೆ ಹೇಳಲು ಒಂದು ಹೆಸರು ಬಿಟ್ಟು ಬೇರೇನೂ ಇರಲಿಲ್ಲ. ಕುರ್ಚಿ ಅವನಿಗಾಯಿತು.

ಸಂಜೆ ಮಾವ ತನ್ನ ಪಿಕಪ್ ಗಾಡಿಯ ಹತ್ತಿರ ಬಂದಾಗ ಅವಳು ಅಲ್ಲೇ ಕಾಯುತ್ತಿದ್ದಳು.

"ಸಂಬಂಧ ಇದ್ರೆ ಎದ್ದು ಹೋಗಬೇಕಾಗಿದ್ದು ನೀವಲ್ವಾ ಮಾವ?"

"ಮೂವರೂ ಎದ್ದು ಹೋದ್ರೆ ಗೋಡೆ ಸಂದರ್ಶನ ಮಾಡುತ್ತಾ? ಕಾಲ ಬದಲಾಗಿದೆ ಅರ್ಲಿಂಡಾ. ಯಾರಾದ್ರೂ ದೂರು ಕೊಟ್ರೆ ನಿನ್ನ ಹೆಸರೇ ಹಾಳಾಗ್ತಿತ್ತು. ನಿನ್ನ ಒಳ್ಳೇದಕ್ಕೇ ಮಾಡಿದೆ."

"ಕುಲ ಹೇಳಬೇಡ ಅಂತ ಒಂದು ಮಾತು ಹೇಳಬಹುದಿತ್ತು. ಊಟಕ್ಕೆ ಕೂತಾಗ ಕೇಳಿದ್ನಲ್ಲ."

ಅವನು ಬೀಗದ ಕೈ ಹುಡುಕುವವನಂತೆ ಜೇಬು ತಡವಿಕೊಂಡ. "ನೆಂಟರಿಲ್ಲದ ಕಡೆ ಅರ್ಜಿ ಹಾಕು. ಮುಂದಿನ ವರ್ಷ ನೋಡೋಣ."

"ನೆಂಟರಿಲ್ಲದ ಊರು ನಮ್ಮಲ್ಲಿ ಎಲ್ಲಿದೆ ಮಾವ?"

ಅವನು ಗಾಡಿ ಹತ್ತಿ ಹೊರಟುಹೋದ. ಅವನು ಅಂದು ಅವಳನ್ನು ಹೆಸರು ಹಿಡಿದು ಕರೆದಿದ್ದ, ಅಕ್ಕನ ಮಗಳೇ ಎನ್ನಲಿಲ್ಲ. ಅದು ಅವಳಿಗೆ ಮನೆಯ ದಾರಿ ಅರ್ಧ ಸವೆದ ಮೇಲೆ ಹೊಳೆಯಿತು. ಗಾಡಿ ನಿಲ್ಲಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಅಸಲು ಸಂಗತಿ ಶಾಲೆ ತೆರೆದಾಗ ಗೊತ್ತಾಯಿತು. ಪ್ರಿನ್ಸಿಪಾಲರ ಕೋಣೆಯ ಪಕ್ಕದಲ್ಲೇ ಇನ್ನೊಂದು ಕೋಣೆಗೆ ಬಣ್ಣ ಹೊಡೆದಿತ್ತು. ಒಳಗೆ ತಿರುಗುವ ಆಫೀಸು ಕುರ್ಚಿಯಲ್ಲಿ ಮಾವ ಕಾಫಿ ಕುಡಿಯುತ್ತಿದ್ದ. "ಹೊಸಬರಿಗೆ ನಮ್ಮ ಜನರನ್ನ ಪರಿಚಯ ಮಾಡಿಕೊಡೋ ಸಲಹೆಗಾರರಂತೆ" ಎಂದು ಅಡುಗೆಮನೆಯ ಬರ್ಟೀನಾ ತುಟಿ ಮುಂದೆ ಚಾಚಿ ಆ ಕಡೆ ತೋರಿಸಿದಳು. "ಕುರುಡನಿಗೆ ತಾನೇ ಕೋಲು ಬೇಕಾಗೋದು? ಕಣ್ಣಿದ್ದ ನೀನು ಬಂದಿದ್ರೆ ಕೋಲಿಗೇನು ಕೆಲಸ ಇರ್ತಿತ್ತು ಹೇಳು."

ಅಷ್ಟೇ. ಅಷ್ಟಕ್ಕೇ. ಅರ್ಲಿಂಡಾ ಏನೋ ದೊಡ್ಡ ಕಾರಣ ಇದ್ದೀತು ಎಂದುಕೊಂಡಿದ್ದಳು. ಯಾರದೋ ಒತ್ತಡ, ಏನೋ ಹೆದರಿಕೆ ಇರಬಹುದೆಂದು ಅವನ ಪರವಾಗಿ ತಾನೇ ವಾದ ಹೂಡಿಕೊಂಡು ಬೇಸಿಗೆ ಕಳೆದಿದ್ದಳು. ಒಂದು ತಿರುಗುವ ಕುರ್ಚಿ, ತನ್ನ ಮಾತು ಕೇಳುವ ಒಬ್ಬ ಪ್ರಿನ್ಸಿಪಾಲ. ಇಷ್ಟಕ್ಕೆ ಅವಳನ್ನು ಮಾರಿದ್ದ. ಅವಳಿಗೆ ಅವನ ಮೇಲೆ ಬಂದಷ್ಟೇ ಕೋಪ ತನ್ನ ಮೇಲೂ ಬಂತು.

ಇಷ್ಟಾದರೂ ಅವನು ಮನೆಗೆ ಬಂದ! ಬಂದು ಎಂದಿನಂತೆ ಕುರ್ಚಿ ಎಳೆದುಕೊಂಡ. ಡೆಸ್ಬಾ ಸಾರು ಬಡಿಸಿದಳು. ಹಸಿದು ಬಂದವನಿಗೆ ಇಲ್ಲವೆನ್ನುವ ಮನೆಯಲ್ಲ ಅದು. ಅವನೇ ಮಾತು ತೆಗೆದ.

"ಅಕ್ಕಾ, ತಂದೆ-ತಾಯಂದಿರ ಸಭೆ ಇದೆ. ಹೊಸ ಪ್ರಿನ್ಸಿಪಾಲರು ಬರಿ ಹೆಸರು ಹೇಳಿ ನಿಂತ್ರೆ ನಮ್ಮವರು ಕಿವಿಗೆ ಹಾಕ್ಕೊಳಲ್ಲ. ಒಳ್ಳೇ ಮನುಷ್ಯ. ಕಹಿನೀರಿನವನು ಅಂತ ಹೇಳಿಕೊಳ್ಳಲಿ, ನಾನು ಅವನನ್ನ ಅಕ್ಕನ ಮಗ ಅಂತ ತಗೊಂಡಿದ್ದೀನಿ. ನೀನೊಂದು ಹೂಂ ಅನ್ನು. ಹೇಳೋದು ಹೇಗೆ ಅಂತ ಅರ್ಲಿಂಡಾ ಕಲಿಸಿಕೊಡಲಿ. ಅವಳಷ್ಟು ಚೆನ್ನಾಗಿ ಯಾರು ಹೇಳ್ತಾರೆ?"

ಅರ್ಲಿಂಡಾಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ನಾನು ನಿಮ್ಮ ಸಂಬಂಧಿ ಅಲ್ವಾ?" ಎಂದಳು, ಮೆಲ್ಲಗೆ. "ನೀವೇ ಬರೆಸಿದ್ದೀರಿ. ನಿಮ್ಮ ಅಕ್ಕನ ಮಗನಿಗೆ ನಾನು ಪಾಠ ಹೇಳಿದ್ರೆ ಯಾರಾದ್ರೂ ದೂರು ಕೊಟ್ಟಾರು."

"ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದೀಯ? ನೋಡಕ್ಕಾ ನಿನ್ನ ಮಗಳನ್ನ."

ಡೆಸ್ಬಾ ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ವಿಲ್ಮರ್, ಕುಲ ಹೊಟ್ಟೆಯಿಂದ ಬರುತ್ತೆ. ನಿನಗೆ ಹೊಟ್ಟೆ ಇದೆ, ಉಣ್ಣೋಕೆ. ಹೆರೋಕಲ್ಲ. ಕಹಿನೀರು ನಮ್ಮಂಥ ಹೆಂಗಸರದ್ದು, ನೀನು ಯಾರಿಗಾದ್ರೂ ಕೊಡೋಕೆ ಅದು ನಿನ್ನ ಹತ್ತಿರ ಯಾವತ್ತು ಇತ್ತು?"

"ಅಕ್ಕಾ..."

"ನನ್ನ ತಮ್ಮ ಸತ್ತ. ಇನ್ನೊಬ್ಬ ಸಿಕ್ಕಿದ್ದ, ಈ ಬೇಸಿಗೆ ಅವನೂ ಹೋದ. ಉಂಡು ಎದ್ದೇಳು."

ಅವನು ಉಣ್ಣಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತಿದ್ದ. ಯಾರಾದರೂ ಕರೆದಾರೆಂದೋ ಏನೋ. ಗಾಡಿಯ ಸದ್ದು ದೂರವಾಯಿತು.

ಇದರಿಂದ ಎದೆ ತಣ್ಣಗಾದೀತೆಂದು ಅರ್ಲಿಂಡಾ ಎಣಿಸಿದ್ದಳು. ಆಗಲಿಲ್ಲ. ಡೆಸ್ಬಾ ಅವನ ಬಟ್ಟಲಿನ ಸಾರನ್ನು ಪಾತ್ರೆಗೆ ಸುರಿಯಲು ಹೋಗಿ, ಮನಸ್ಸು ಬದಲಿಸಿ ನಾಯಿಗೆ ಹಾಕಿ ಬಂದಳು.

"ಅಳಬೇಡ. ಆ ಕುರ್ಚಿ ಎಲ್ಲಿಗೂ ಹೋಗಲ್ಲ. ಬರೋ ಬೇಸಿಗೆಗೆ ಈ ಹೊಸಬನೂ ಓಡಿಹೋಗ್ತಾನೆ, ಆಗ ಮತ್ತೆ ಅರ್ಜಿ ಹಾಕು" ಎಂದಳು.

"ಹಾಕ್ತೀನಮ್ಮ" ಎಂದಳು ಅರ್ಲಿಂಡಾ, ಕಣ್ಣು ಒರೆಸಿಕೊಳ್ಳುತ್ತ. "ನಾನು ಕುರ್ಚಿಗೋಸ್ಕರ ಅಳ್ತಿಲ್ಲ."