ಬಾಗಿಲಿಗೊಂದು ಅಗುಳಿ

ಗ್ರೀಕರ ಟಿಯೋಸ್ ಊರಿನ ಗಂಡಸರಿಗೆ ಪಿರ್ಗೋಸ್ ಎಂದರೆ, ಅಂದರೆ ಬುರುಜು ಎಂದರೆ, ಎಲ್ಲವೂ ಅದೇ. ಕೇರಿಯನ್ನು ಗುರುತಿಸುವುದು ಬುರುಜಿನ ಹೆಸರಿನಿಂದ. ಯುದ್ಧದಲ್ಲಿ ಒತ್ತಾಗಿ ನಿಂತ ಸೈನಿಕರ ಗುಂಪೂ ಬುರುಜೇ. ದಾಳ ಕುಲುಕುವ ಡಬ್ಬಿಗೂ ಅದೇ ಹೆಸರು. ಫಿಲಿನ್ನಳಿಗೆ ಮಾತ್ರ ಬುರುಜು ಒಂದೇ. ಹೊಲದ ನಡುವಿನ ಮೂರಂತಸ್ತಿನ ಕಲ್ಲುಗೂಡು. ಕೆಳಗೆ ಬಾರ್ಲಿ, ಎಣ್ಣೆಯ ಜಾಡಿಗಳು. ಮೇಲೆ ಮಗ್ಗ, ಮಗ್ಗದ ಮುಂದೆ ಅವಳು ಮತ್ತು ತೊತ್ತು ಮಾನಿಯ.

ಆ ಬುರುಜಿನ ಬಾಗಿಲಿಗೆ ಅಡ್ಡ ಹಾಕುವ ಅಗುಳಿ ಗೆದ್ದಲು ಹಿಡಿದು ಎರಡು ವರ್ಷವಾಗಿತ್ತು. ಈ ಬೇಸಿಗೆಯಲ್ಲಿ ಕಡಲ್ಗಳ್ಳರು ಪಕ್ಕದ ಕೊಲ್ಲಿಗೆ ಬಂದು ಇಬ್ಬರು ಹೆಂಗಸರನ್ನು ಹೊತ್ತೊಯ್ದಿದ್ದರು.

ಅಂದು ಬೆಳಿಗ್ಗೆ ಗಂಡ ಥೆರ್ಸಿಯಾಸ್ ಕತ್ತೆಯ ಮೇಲೆ ಓಕ್ ಮರದ ಗಟ್ಟಿ ತೊಲೆಯೊಂದನ್ನು ತಂದಾಗ ಫಿಲಿನ್ನಳ ಎದೆ ಹಗುರಾಯಿತು.

"ಅಂತೂ ನೆನಪಿಟ್ಕೊಂಡು ತಂದ್ರಲ್ಲ," ಎಂದಳು.

"ಇದು ನಮ್ ಕೇರಿ ಕಂಬ ಕಣೇ. ದಿಯೊನೀಸ ದೇವರ ಮೆರವಣಿಗೇಲಿ ಹೆಸರು ಕೆತ್ತಿ ಹೊರೋಕೆ. ಹೋದ ವರ್ಷ ನಮ್ಮ ಬುರುಜಿನೋರನ್ನ ಮೂರನೇ ಸಾಲಲ್ಲಿ ನಿಲ್ಲಿಸಿದ್ರು. ಮಾನ ಬೇಡ್ವಾ?"

"ನಿಮ್ಮ ಕೇರಿ ಬುರುಜು ನಿಮ್ಮ ತಾತನ ಕಾಲಕ್ಕೇ ಬಿದ್ದೋಯ್ತು. ಅಲ್ಲೀಗ ಆಡು ಮಲಗ್ತವೆ."

"ಹೆಸರು ಬಿದ್ದಿಲ್ವಲ್ಲ," ಎಂದ ಅವನು, ಕೇರಿಯವರನ್ನು ಕರೆತರಲು ಹೊರಟ.

ಫಿಲಿನ್ನ ತೊಲೆಯ ಮೇಲೆ ಕೈಯಾಡಿಸಿದಳು. ಎರಡು ವರ್ಷ ತಾನು ಮುಚ್ಚಲಾಗದ ಬಾಗಿಲಿನ ಹಿಂದೆ ಕೂತು ನೂಲು ತೆಗೆದಿದ್ದೇನೆ ಎನಿಸಿತು. ಹೆದರಿಕೆಯೂ ಒಂದು ಅಭ್ಯಾಸವಾಗಿಬಿಡುತ್ತದೆ. ಅದನ್ನೇ ಜನ ತಾಳ್ಮೆ ಎನ್ನುತ್ತಾರೆ.

"ಮಾನಿಯ, ಕೊಂಬೆ ಕುಯ್ಯೋ ಗರಗಸ ಎಲ್ಲಿದೆ?"

"ಅಮ್ಮಾ, ಯಜಮಾನ್ರು ನನ್ ಚರ್ಮ ಸುಲೀತಾರೆ."

"ಸುಲಿಯೋಕೆ ಒಳಗೆ ಬರ್ಬೇಕಲ್ಲ, ಬಾಗಿಲು ಗಟ್ಟಿಯಾಗಿರುತ್ತೆ."

ಇಬ್ಬರೂ ಬೆವರು ಸುರಿಸಿ ಕೊಯ್ದರು. ತುಂಡು ಗೋಡೆಯ ಎರಡೂ ಗೂಡುಗಳಿಗೆ ಸರಿಯಾಗಿ ಕೂತಿತು. ಫಿಲಿನ್ನ ಬಾಗಿಲನ್ನು ಬಲವಾಗಿ ಎಳೆದು ನೋಡಿದಳು. ಅಲುಗಲಿಲ್ಲ. ಕಣ್ಣಲ್ಲಿ ನೀರು ಬಂತು; ಮಾನಿಯ ನೋಡದವಳಂತೆ ನಟಿಸಿದಳು.

ಮಧ್ಯಾಹ್ನ ಥೆರ್ಸಿಯಾಸ್ ಆರು ಮಂದಿಯೊಡನೆ ಬಂದ. ಅಂಗಳದಲ್ಲಿ ಮರದ ಹೊಟ್ಟು, ಮೊಳದುದ್ದದ ಉಳಿಕೆ ತುಂಡು ಬಿದ್ದಿದ್ದವು. ಏಳು ಗಂಡಸರು ಸೇರಿ ಬಾಗಿಲು ದೂಡಿದರು. ಕವಾಯತು ಮೈದಾನದಲ್ಲಿ ಕಲಿತಂತೆ ಒತ್ತಾಗಿ ನಿಂತು ಮತ್ತೆ ದೂಡಿದರು.

"ನಿನ್ನ ಹೆಂಡ್ತಿಗೆ ಕಾವಲುಪಡೆ ಕೊಟ್ರೆ ಊರು ಉಳಿಯುತ್ತೆ ಬಿಡಯ್ಯಾ," ಎಂದನೊಬ್ಬ ಮುದುಕ, ಏದುಸಿರು ಬಿಡುತ್ತಾ.

ಥೆರ್ಸಿಯಾಸ್ ಕಿಟಕಿಯತ್ತ ಕತ್ತೆತ್ತಿದ. "ಫಿಲಿನ್ನ, ನಮ್ಮ ಕಂಬ ಕೊಡೇ."

"ಬಾಗಿಲು ಹಿಡ್ಕೊಂಡಿದೆ."

"ಊಟಕ್ಕಾದ್ರೂ ಒಳಗೆ ಬಿಡು."

"ಅಗುಳಿ ಮುಟ್ಟಲ್ಲ ಅಂತ ದೇವರ ಮೇಲೆ ಆಣೆ ಮಾಡಿ. ತೆಗೀತೀನಿ."

ಅವನು ಹಿಂದೆ ನಿಂತವರನ್ನು ನೋಡಿದ. "ಅದು ಕೇರಿ ಸೊತ್ತು. ಅವರನ್ನ ಕೇಳ್ಬೇಕು."

"ಕೇಳಿ."

ಅಂಜೂರದ ನೆರಳಲ್ಲಿ ಸಭೆ ಕೂತಿತು. ಮೊದಲು ಯಾರು ಮಾತಾಡಬೇಕೆಂಬುದರ ಮೇಲೆಯೇ ಜಗಳ ಹತ್ತಿತು. ಫಿಲಿನ್ನ ಬುಟ್ಟಿಗೆ ಬಾರ್ಲಿ ರೊಟ್ಟಿ, ಈರುಳ್ಳಿ ತುಂಬಿ ಹಗ್ಗದಲ್ಲಿ ಇಳಿಬಿಟ್ಟಳು. ಯಾರೋ ಅದನ್ನು ಬಿಚ್ಚಿಕೊಂಡರು. ಮಾತು ಮಾತ್ರ ನಿಲ್ಲಲಿಲ್ಲ. ಅವಳು ಖಾಲಿ ಹಗ್ಗವನ್ನು ಮೇಲೆಳೆದುಕೊಂಡು ಮಗ್ಗದ ಮುಂದೆ ಕೂತಳು. ಆ ದಿನ ನಾಲ್ಕು ಬೆರಳು ಹೆಚ್ಚಿಗೆ ನೇಯ್ದಳು.