ಹಿಂದಿನ ಚಕ್ರದ ಕೂಲಿ

ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಅಪ್ಪಯ್ಯಣ್ಣನ ಸೈಕಲ್ ಶಾಪು. ಹೆಸರಿಗೆ ಸೈಕಲ್ ಶಾಪು, ಆದರೆ ಎಪ್ಪತ್ತನೇ ಇಸವಿ ದಾಟಿದ ಮೇಲೆ ಊರಲ್ಲಿ ಮೋಟಾರ್ ಸೈಕಲ್ಲುಗಳು ಒಂದೊಂದಾಗಿ ತಲೆ ಎತ್ತಿ, ಅವುಗಳ ಟೈರು ಬಿಚ್ಚಿ ಹಾಕೋ ಕೆಲಸವೂ ಅವನ ಕೈಗೆ ಬಂತು. ಮುಂದಿನ ಚಕ್ರಕ್ಕೆ ಒಂದು ರೂಪಾಯಿ ಕೂಲಿ. ಹಿಂದಿನದಕ್ಕೆ ಚೈನಿನ ತಾಪತ್ರಯ ಇರೋದರಿಂದ ಎರಡು. "ಸ್ವಲ್ಪ ನೋಡಿ ಇಸ್ಕೊಳ್ಳಣ್ಣ" ಅಂತ ಯಾರಾದರೂ ರಾಗ ಎಳೆದರೋ, ಮುಗಿಯಿತು. "ಟೈರು ಮಾರಿದೋನಿಗೆ ತೆಪ್ಪಗೆ ಕೊಟ್ಬಂದೆ, ಬೆವರು ಸುರಿಸೋನ ಹತ್ರ ಚೌಕಾಸಿನೇನಯ್ಯಾ?" ಅಂತ ಮುಖಕ್ಕೆ ಹೊಡೆದ ಹಾಗೆ ಅಂದುಬಿಡುತ್ತಿದ್ದ. ಮನುಷ್ಯ ಒಳ್ಳೆಯವನೇ, ಬಾಯಿ ಮಾತ್ರ ಜೋರು.

ಅವನು ಕೂಲಿ ಮುಟ್ಟದೆ ಇದ್ದದ್ದು ಒಬ್ಬನ ಹತ್ತಿರ, ಅಳಿಯ ಆದಿನಾರಾಯಣನ ಹತ್ತಿರ. ಹೆಣ್ಣು ಕೊಟ್ಟ ಮನೆಯ ಕಾಸು ಮುಟ್ಟಬಾರದು ಅನ್ನೋದು ಅಪ್ಪಯ್ಯಣ್ಣನ ತಾಯಿ ಹಾಕಿಟ್ಟು ಹೋದ ಕಟ್ಟಳೆ. ಅದನ್ನ ಅವನು ದೇವರ ಮಾತಿನ ಹಾಗೆ ನಡೆಸಿಕೊಂಡು ಬಂದಿದ್ದ. ಆದಿನಾರಾಯಣನಿಗೆ ರೇಷ್ಮೆ ಇಲಾಖೆಯಲ್ಲಿ ಕೆಲಸ, ಮನೆ ತೂಬಗೆರೆಯಲ್ಲಿ. ಹಿಪ್ಪುನೇರಳೆ ತೋಟ ನೋಡಲು ದಿನಾ ಕಲ್ಲುದಾರಿಯಲ್ಲಿ ಜಾವಾ ಗಾಡಿ ಓಡಿಸೋನು. ಪಂಚರಾಗೋದು, ಟೈರು ಸೀಳೋದು ಇದ್ದದ್ದೇ. ಆಗೆಲ್ಲ ಅವನು ಹೆಂಡತಿ ತಾಯಮ್ಮನನ್ನು ಹಿಂದೆ ಕೂರಿಸಿಕೊಂಡು ಮಾವನ ಅಂಗಡಿಗೆ ಬರುತ್ತಿದ್ದ.

ಅಪ್ಪಯ್ಯಣ್ಣನಿಗೆ ಬೇಕಾಗಿದ್ದದ್ದೂ ಅದೇ. ತಾಯಮ್ಮ ಅವನ ಒಬ್ಬಳೇ ಮಗಳು. ತುಂಬಿದ ಮನೆಯ ಸೊಸೆ, ಸುಮ್ಮಸುಮ್ಮನೆ ತವರಿಗೆ ಹೊರಟರೆ ಅತ್ತೆ ಬಿಡುತ್ತಾಳೆಯೇ? ಗಾಡಿಯ ಟೈರೇ ಅವಳಿಗೆ ನೆಪ. ಬಂದವಳು ಅಂಗಡಿ ಹಿಂದಿನ ಮನೆಗೆ ಹೋಗಿ ಅವ್ವನ ಕೈಯ ಸೊಪ್ಪಿನ ಸಾರು ತಿಂದು, ಆಮೇಲೆ ಅಪ್ಪನ ಗಲ್ಲಾಪೆಟ್ಟಿಗೆ ಪಕ್ಕ ಬಂದು ಕೂರುತ್ತಿದ್ದಳು. ಲಂಗ ಹಾಕೋ ವಯಸ್ಸಿನಿಂದ ಅದು ಅವಳ ಜಾಗ. ಅಪ್ಪಯ್ಯಣ್ಣ ಬೇಕಂತಲೇ ನಿಧಾನವಾಗಿ ಟ್ಯೂಬಿಗೆ ಪೌಡರ್ ಬಳಿದು, ಅಂಚಿಗೆ ಸೋಪು ನೀರು ಸವರಿ, ಅರ್ಧ ಗಂಟೆಯ ಕೆಲಸವನ್ನು ಮಧ್ಯಾಹ್ನದವರೆಗೂ ಎಳೆಯುತ್ತಿದ್ದ.

ಅಂಥವರು ಯುಗಾದಿಗೆ ಬಂದು ಹೋದವರು, ಶ್ರಾವಣ ಬಂದರೂ ಈ ಕಡೆ ತಲೆ ಹಾಕಲಿಲ್ಲ.

ಒಂದು ಬೆಳಿಗ್ಗೆ ಟೀ ಹೋಟೆಲಿನಲ್ಲಿ ಪಿಳ್ಳಣ್ಣ ಸಿಕ್ಕಿದ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಅವನದೂ ಇಂಥದ್ದೇ ಅಂಗಡಿ. ಕಸುಬಿನಲ್ಲಿ ಪೈಪೋಟಿ, ಟೀಗೆ ಮಾತ್ರ ದೋಸ್ತಿ.

"ನಿನ್ನಳಿಯ ನಿನ್ನೆ ನನ್ನ ಹತ್ರ ಮುಂದಿನ ಟೈರು ಹಾಕಿಸ್ಕೊಂಡು ಹೋದ ಕಣಯ್ಯಾ" ಅಂದ ಪಿಳ್ಳಣ್ಣ. "ಹಿಂದಿನದೂ ಸವೆದು ನುಣ್ಣಗಾಗಿದೆ, ಬರೋ ವಾರ ಅದನ್ನೂ ತರ್ತಾನಂತೆ."

 ಅಪ್ಪಯ್ಯಣ್ಣ ಕೈಯಲ್ಲಿದ್ದ ಲೋಟ ಮೇಜಿಗೆ ಕುಕ್ಕಿದ. "ಯಾಕಂತೆ? ನನ್ನ ಕೈಗೇನು ಕುಷ್ಠ ಬಂದದೆಯಾ?"

"ಥೂ, ಬಿಡ್ತು ಅನ್ನು! ನಿನ್ನ ಹತ್ರ ಬರೋಕೆ ಅವನಿಗೆ ಮುಖ ಇಲ್ಲ ಕಣೋ. ನೀನು ಕಾಸು ಮುಟ್ಟಲ್ಲ. 'ಇವನಿಗೇನ್ರೀ, ಬಿಟ್ಟಿ ಚಾಕರಿಗೆ ಮಾವ ಇದ್ದಾನೆ' ಅಂತ ಅವನಣ್ಣ ನಾಲ್ಕು ಜನರ ಮುಂದೆ ಅಂದ್ನಂತೆ. ಮಾನವಂತ ಹುಡುಗ, ಮನಸ್ಸಿಗೆ ನಾಟ್ಬಿಟ್ಟದೆ."

ಅಪ್ಪಯ್ಯಣ್ಣ ಟೀ ಅರ್ಧಕ್ಕೇ ಬಿಟ್ಟು ಎದ್ದ. ಅಂಗಡಿಗೆ ಬಂದವನು ಅವತ್ತು ಯಾರ ಮೇಲೂ ಕೂಗಾಡಲಿಲ್ಲ. ಗಿರಾಕಿಗಳಿಗೇ ದಿಗಿಲಾಯಿತು. ಮಧ್ಯಾಹ್ನ ಮುದ್ದೆ ಮುಂದೆ ಕೂತು ಹೆಂಡತಿ ರುಕ್ಮಿಣಮ್ಮನಿಗೆ ಎಲ್ಲ ಹೇಳಿದ.

"ನಾವೇ ಒಂದ್ಸಲ ತೂಬಗೆರೆಗೆ ಹೋಗಿ ನೋಡ್ಕೊಂಡು ಬಂದ್ಬಿಡೋಣ" ಅಂದಳು ರುಕ್ಮಿಣಮ್ಮ.

"ಕರೀದೆ ಬೀಗರ ಮನೆಗೆ ಎಷ್ಟು ಸಲ ಹೋಗೋಕಾಗ್ತದೆ? ಒಂದ್ಸಲ ಹೋಗ್ಬೋದು. ಆಮೇಲೆ?" ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿದ. "ನಾನು ಕೂಲಿ ಇಸ್ಕೋತೀನಿ ಕಣೇ."

ರುಕ್ಮಿಣಮ್ಮ ಸೌಟು ಕೆಳಗಿಟ್ಟಳು. "ಅಳಿಯನ ಹತ್ರ ಕಾಸಾ? ಜನ ಉಗೀತಾರೆ. ನಿಮ್ಮವ್ವ ಇದ್ದಿದ್ರೆ ಏನನ್ನೋರು!"

"ನಮ್ಮವ್ವಂಗೆ ಹೆಣ್ಣುಮಕ್ಕಳೇ ಇರ್ಲಿಲ್ಲ. ಅವಳಿಗೇನು ಗೊತ್ತಿತ್ತು?"

 ಅವ್ವನ ಮಾತಿಗೆ ಎದುರಾಡಿದ್ದು ಅವನ ಜನ್ಮದಲ್ಲೇ ಅದೇ ಮೊದಲು. ರುಕ್ಮಿಣಮ್ಮ ಮುಂದೆ ವಾದ ಮಾಡಲಿಲ್ಲ. ಆದರೆ ಅವನ ಜೊತೆ ಮಾತನ್ನೂ ಆಡಲಿಲ್ಲ.

ಸಂಜೆ ಅಪ್ಪಯ್ಯಣ್ಣ ಪಿಳ್ಳಣ್ಣನ ಅಂಗಡಿಗೇ ಹೋದ. "ಅವನು ಹಿಂದಿನ ಟೈರು ತಂದ್ರೆ ನನ್ನ ಕಡೆ ಕಳ್ಸು. ಅಪ್ಪಯ್ಯಣ್ಣ ಈಗ ಅಳಿಯ ಗಿಳಿಯ ನೋಡಲ್ಲ, ಕೂಲಿ ಎಣಿಸಿ ಇಸ್ಕೋತಾನೆ ಅಂತ ಹೇಳು."

"ಚೆನ್ನಾಗಿದೆ! ಬಂದ ಗಿರಾಕೀನ ನಿನ್ನ ಬಾಗಿಲಿಗೆ ಅಟ್ಟಿ ನಾನು ನೊಣ ಹೊಡೀಬೇಕಾ?" ಅಂತ ಪಿಳ್ಳಣ್ಣ ರೇಗಿಸಿದ. ಆಮೇಲೆ ಗೆಳೆಯನ ಮುಖ ನೋಡಿ, "ಸೊಂಟ ಹಿಡ್ಕೊಂಡಿದೆ ಅಂತ ಹೇಳ್ತೀನಿ ಬಿಡು" ಅಂದ.

ಮುಂದಿನ ವಾರ ಜಾವಾ ಗಾಡಿಯ ಸದ್ದು ಬಸ್ ಸ್ಟ್ಯಾಂಡ್ ತಿರುವಿನಲ್ಲೇ ಅಪ್ಪಯ್ಯಣ್ಣನಿಗೆ ಗೊತ್ತಾಯಿತು. ಹಿಂದೆ ತಾಯಮ್ಮ, ಅವಳ ತೋಳಿಗೆ ಹೊಸ ಟೈರು. ಬಳೆಯ ಮೇಲೆಲ್ಲ ಕರಿ ಮೆತ್ತಿತ್ತು. ಅವಳನ್ನು ನೋಡಿದ್ದೇ ತಡ ಅಪ್ಪಯ್ಯಣ್ಣನ ಕಣ್ಣು ತುಂಬಿಬಂತು. ಗಾಡಿಯ ಮರೆಯಲ್ಲಿ ಕೂತು ಪಂಚೆಯಲ್ಲಿ ಒರೆಸಿಕೊಂಡ.

"ಪಿಳ್ಳಣ್ಣಂಗೆ ಸೊಂಟ ನೋವಂತೆ ಮಾವ" ಅಂದ ಆದಿನಾರಾಯಣ ನೆಲ ನೋಡುತ್ತಾ.

"ಪಾಪ. ವಯಸ್ಸಾಯ್ತಲ್ಲ" ಅಂದ ಅಪ್ಪಯ್ಯಣ್ಣ. ಪಿಳ್ಳಣ್ಣ ಅವನಿಗಿಂತ ಚಿಕ್ಕವನು.

ತಾಯಮ್ಮ ಒಳಗೆ ಹೋಗಿ ಅವ್ವನನ್ನು ಕಂಡು, ಸಾರು ತಿಂದು ಬಂದು ತನ್ನ ಜಾಗದಲ್ಲಿ ಕೂತಳು. ಅಪ್ಪ ಮಗಳು ಏನೇನೋ ಮಾತಾಡಿದರು, ಅತ್ತೆಯ ಮೊಣಕಾಲು ನೋವು, ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟೋಕೆ ಬಂದದ್ದು, ಪಕ್ಕದ ಮನೆಯ ಕರು. ಅಪ್ಪಯ್ಯಣ್ಣ ಟೈರಿಗೆ ಗಾಳಿ ತುಂಬಿ, ಕಿವಿ ಇಟ್ಟು ಕೇಳಿ, ಸರಿಯಿಲ್ಲ ಅಂತ ಮತ್ತೆ ಇಳಿಸಿ, ಮತ್ತೆ ತುಂಬಿದ. ಕೊನೆಗೂ ಚಕ್ರ ಕೂರಿಸಿ, ಚೈನು ಬಿಗಿ ಮಾಡಿ, ಎದ್ದು ನಿಂತು ಅಳಿಯನ ಮುಂದೆ ಕೈ ಚಾಚಿದ.

"ಎರಡು ರೂಪಾಯಿ ಕೊಡಪ್ಪಾ."

ತಾಯಮ್ಮ ಬೆಚ್ಚಿ ತಲೆ ಎತ್ತಿದಳು. ಒಳಬಾಗಿಲಲ್ಲಿ ರುಕ್ಮಿಣಮ್ಮನ ಬಳೆ ಸದ್ದಾಯಿತು. ಅಪ್ಪಯ್ಯಣ್ಣ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

ಆದಿನಾರಾಯಣ ಮಾವನ ಮುಖ ನೋಡಿದ. ಯುಗಾದಿಯಿಂದ ಬಿಗಿದಿದ್ದ ಹುಡುಗನ ಮುಖ ಸಡಿಲವಾಯಿತು. "ಎರಡು ಜಾಸ್ತಿ ಆಯ್ತಲ್ಲ ಮಾವ. ಒಂದೂವರೆ ಮಾಡ್ಕೊಳ್ಳಿ" ಅಂದ, ತುಟಿಯಂಚಿನಲ್ಲಿ ನಗುತ್ತಾ.

"ಟೈರು ಮಾರಿದೋನಿಗೆ ತೆಪ್ಪಗೆ ಕೊಟ್ಬಂದೆ..." ಅಂತ ಅಪ್ಪಯ್ಯಣ್ಣ ಶುರುಮಾಡಿದ್ದೇ ತಡ, ತಾಯಮ್ಮ ಕಿಸಕ್ಕನೆ ನಕ್ಕಳು. ಆದಿನಾರಾಯಣ ಐದು ರೂಪಾಯಿ ನೋಟು ತೆಗೆದು ಮಾವನ ಅಂಗೈ ಮೇಲಿಟ್ಟ.

ಅಪ್ಪಯ್ಯಣ್ಣ ನೋಟು ಹಿಡಿದು ಗಲ್ಲಾಪೆಟ್ಟಿಗೆಗೆ ಬಂದ. ಖಾನೆಯನ್ನು ನಾಲ್ಕು ಬೆರಳಷ್ಟು ಹೊರಗೆ ಎಳೆದ. ಬೆಳಗಿನಿಂದ ಬಿದ್ದ ಚಿಲ್ಲರೆಯೆಲ್ಲ ಗಲಗಲ ಅಂತು. ತಕ್ಷಣ ತಳ್ಳಿ ಮುಚ್ಚಿದ.

"ಚಿಲ್ಲರೆ ಇಲ್ವಲ್ಲಪ್ಪಾ. ಮೂರು ರೂಪಾಯಿ ಮುಂದಿನ ವಾರ ಬಂದು ಇಸ್ಕೊಂಡು ಹೋಗು."

ಮಗಳು ಪಕ್ಕದಲ್ಲೇ ಕೂತಿದ್ದಳು. ಆ ಸದ್ದು ಅವಳಿಗೆ ಗೊತ್ತಿಲ್ಲದ್ದೇ? ಅಪ್ಪನನ್ನು ನೋಡಿದಳು. ಅಪ್ಪ ಬೇರೆ ಕಡೆ ನೋಡಿದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಗಂಡನಿಗೆ, "ಹೌದೂರೀ, ಚಿಲ್ಲರೆ ಇಲ್ಲ. ಮುಂದಿನ ವಾರ ಬಂದೇ ಇಸ್ಕೋಬೇಕು. ಮೂರು ರೂಪಾಯಿ ಏನು ಸುಮ್ನೆ ಬರ್ತದಾ? ಅತ್ತೆಮ್ಮನೂ ಬಿಡಬೇಡಿ ಅಂತಾರೆ" ಅಂದಳು.

ಮುಂದಿನ ವಾರ ಇಬ್ಬರೂ ಬಂದರು. ಉಂಡರು, ಹರಟಿದರು. ಹೊತ್ತು ಇಳಿದು, ಹೊರಡೋ ಹೊತ್ತಿಗೆ ಆದಿನಾರಾಯಣ ತಾನಾಗಿಯೇ, "ಮಾವ, ನನ್ನ ಚಿಲ್ಲರೆ" ಅಂದ. ಕೇಳಲು ಅವನಿಗೆ ಯಾವ ಸಂಕೋಚವೂ ಇರಲಿಲ್ಲ.

ಅಪ್ಪಯ್ಯಣ್ಣ ಗಲ್ಲಾಪೆಟ್ಟಿಗೆ ತೆರೆದು ಕೈ ಹಾಕಿದ. ಅಷ್ಟರಲ್ಲಿ ಎರಡು ವಾರದಿಂದ ಅವನ ಜೊತೆ ನೆಟ್ಟಗೆ ಮಾತಾಡದಿದ್ದ ರುಕ್ಮಿಣಮ್ಮ ಒಳಗಿನಿಂದ ಓಡಿಬಂದು, ಅವನ ಬೆನ್ನ ಹಿಂದೆ ನಿಂತು, ಕಿವಿಯ ಹತ್ತಿರ ಪಿಸುಗುಟ್ಟಿದಳು.

"ರೀ, ಪೂರ್ತಿ ಕೊಟ್ಬಿಟ್ಟೀರಾ! ಒಂದು ರೂಪಾಯಿ ಉಳಿಸ್ಕೊಳ್ಳಿ."