ಎಡಗಣ್ಣಿನ ರೆಪ್ಪೆ

ಮೊದಲ ಮೂರು ದಿನ ಗುಳ್ಳೆಗಳು ತ್ರಿವೇಣಿಯ ಹೊಟ್ಟೆ, ಬೆನ್ನಿನ ಮೇಲಷ್ಟೇ ಇದ್ದವು. ನಾಲ್ಕನೆಯ ದಿನ ಮುಖ ಒರೆಸಲು ಕೂರಿಸಿಕೊಂಡಾಗ ಎಡಗಣ್ಣಿನ ರೆಪ್ಪೆಯ ಅಂಚಿನಲ್ಲಿ ಎರಡು ಕಂಡವು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು, ಒಳಗೆ ನೀರು. ಒಡೆದರೆ ನೇರ ಕಣ್ಣೊಳಗೇ ಇಳಿಯುವಷ್ಟು ಹತ್ತಿರ.

ಖಾನಾಪುರದ ನಮ್ಮ ಮನೆಯಲ್ಲಿ ಇದಕ್ಕೆ ಚಿಕನ್‌ಪಾಕ್ಸ್ ಅನ್ನುವುದಿಲ್ಲ, ತಾಯಿ ಬಂದಿದ್ದಾಳೆ ಅನ್ನುತ್ತೇವೆ. ತಾಯಿಯನ್ನು ಕಳಿಸಲು ಮಗುವಿನ ತಲೆಗೆ ನೀರು ಹಾಕುವ ದಿನದವರೆಗೆ ಒಗ್ಗರಣೆ ಇಲ್ಲ, ಮಗುವನ್ನು ಹೊಸ್ತಿಲು ದಾಟಿಸುವುದಿಲ್ಲ, ಗದರಿಸುವುದಂತೂ ಇಲ್ಲವೇ ಇಲ್ಲ. ನನ್ನ ಅತ್ತೆ ಮಾಯಕ್ಕ ಐದು ವರ್ಷದ ಮೊಮ್ಮಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು.

"ಕೆರಕೋಬ್ಯಾಡ್ರಿ ತಾಯಿ, ಶಾಂತ ಆಗ್ರಿ."

"ಆಯಿ, ತಾಯಿಗೆ ಕುರಕುರೆ ಬೇಕಂತ," ಅಂದಳು ತ್ರಿವೇಣಿ ಅಜ್ಜಿಗೆ.

"ತಾಯಿ ಕುರಕುರೆ ತಿನ್ನಂಗಿಲ್ಲ. ಅದು ನಿನ್ನ ಹೊಟ್ಟಿ ಮಾತು."

ನನಗೆ ನಗು ಬರಲಿಲ್ಲ. "ಅತ್ತಿ, ಕಣ್ಣಿನ ಹತ್ರ ಎದ್ದಾವ್ರಿ. ಬೆಳಗಾವಿಗೆ ಹೋಗಿ ತೋರಿಸಿಕೊಂಡು ಬರೂಣೇನ್ರಿ?"

"ನಾಡಿದ್ದ ನೀರು ಹಾಕೂದೈತಿ, ಅಲ್ಲೀತನ ತಡಿ. ಬಾಳೇಶಗ ಬಂದಾಗೂ ಹಿಂಗ ಇತ್ತು. ಈಗ ಅವಗ ಕಣ್ಣು ಕಾಣಂಗಿಲ್ಲೇನು?"

ನನಗೆ ವಾದ ಮಾಡಲು ಬರುವುದಿಲ್ಲ. ಬಾಳೇಶ ಅಂದರೆ ನಮ್ಮವರು. ಬೆಳಗ್ಗೆಯೇ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ ಹೋಗಿದ್ದರು. ಅಲ್ಲಿ ಗ್ರೈಂಡಿಂಗ್ ಕೆಲಸ. ಕಣ್ಣಿಗೆ ಕಬ್ಬಿಣದ ಪುಡಿ ಹಾರುವುದು, ಡಾಕ್ಟರು ತೆಗೆದು ಹನಿ ಕೊಡುವುದು ನಮಗೆ ರೂಢಿ. ಹಾಗೆ ಉಳಿದ ಒಂದು ಬಾಟಲಿ ಕನ್ನಡಿಯ ಹಿಂದೆ ಇದ್ದೇ ಇರುತ್ತದೆ. ಅವರ ಕಣ್ಣಿನ ಕೆಂಪು ಒಂದೇ ದಿನದಲ್ಲಿ ಇಳಿದದ್ದನ್ನು ನಾನೇ ನೋಡಿದ್ದೆ. ಅತ್ತೆ ಹಿತ್ತಲಿಗೆ ಹೋದಾಗ ತ್ರಿವೇಣಿಯ ಎಡಗಣ್ಣಿಗೆ ಒಂದು ಹನಿ ಹಾಕಿದೆ. ಮಧ್ಯಾಹ್ನ ಇನ್ನೊಂದು.

ಮರುದಿನ ಬೆಳಗ್ಗೆ, ನಮ್ಮವರು ಕೆಲಸಕ್ಕೆ ಹೋದಮೇಲೆ ತ್ರಿವೇಣಿ ಎದ್ದಾಗ, ಆ ಕಣ್ಣು ಅಂಟಿಕೊಂಡಿತ್ತು. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ನಿಧಾನ ಒರೆಸಿ ಬಿಡಿಸಿದೆ. ಬೆಳ್ಳಗಿರಬೇಕಾದಲ್ಲೆಲ್ಲ ಕೆಂಪು. ಬಲಗಣ್ಣನ್ನು ಅಂಗೈಯಿಂದ ಮರೆಮಾಡಿ ಗೋಡೆಯ ಕ್ಯಾಲೆಂಡರ್ ತೋರಿಸಿದೆ.

"ಅಲ್ಲೇನೈತಿ, ಹೇಳು?"

"ಹೊಗಿ ಐತಿ, ಮಮ್ಮಿ."

ಅತ್ತೆಯೂ ಕೇಳಿಸಿಕೊಂಡಿದ್ದರು. ಒಲೆಯ ಮುಂದಿನಿಂದ ಎದ್ದು ಬಂದು ಆ ಕಣ್ಣನ್ನೇ ನೋಡುತ್ತ ನಿಂತರು. ಆಮೇಲೆ ಹೊಸ್ತಿಲಿಗೆ ಒಂದು ತಂಬಿಗೆ ನೀರು ಹಾಕಿ, ತಾಯಿಯ ಅಪ್ಪಣೆ ಬೇಡಿ ಕೈ ಮುಗಿದು, "ಭರಮಪ್ಪಗ ಗಾಡಿ ತಗೊಂಡು ಬಾ ಅನ್ನು," ಅಂದರು.

ಬಸ್ಸಿನಲ್ಲಾದರೆ ಬೇರೆ ಮಕ್ಕಳಿಗೆ ಅಂಟುತ್ತದೆಂದು ನೆರೆಮನೆಯ ಭರಮಪ್ಪನ ಓಮ್ನಿಯಲ್ಲಿ ಹೊರಟೆವು. ಬೆಳಕು ಚುಚ್ಚುತ್ತದೆಂದು ತ್ರಿವೇಣಿ ನನ್ನ ಸೆರಗಿನಲ್ಲಿ ಮುಖ ಒತ್ತಿಕೊಂಡಿದ್ದಳು. ಹನಿಯ ಬಾಟಲಿ ನನ್ನ ಚೀಲದಲ್ಲಿತ್ತು. ಹೇಳಿದರೆ ಅತ್ತೆ ಏನನ್ನುತ್ತಾರೆ, ನಮ್ಮವರು ಏನನ್ನುತ್ತಾರೆ? ಹೇಳದೆ ಇದ್ದು ಕಣ್ಣೇ ಹೋದರೆ? ಉದ್ಯಮಬಾಗ ದಾಟಿ ಊರೊಳಗೆ ಬಂದರೂ ಬಾಯಿ ಬಿಡಲಿಲ್ಲ.

ಕಣ್ಣಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಕೇಳಿದರು, "ಮನ್ಯಾಗ ಇದಕ್ಕ ಏನರ ಹಾಕೀರೇನ್ರಿ?"

ಅತ್ತೆ ನೆಲ ನೋಡಿದರು. ನಾನು ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. "ನಮ್ಮ ಮನಿಯವರ ಹನಿರಿ. ಇದನ್ನ ಹಾಕೇನ್ರಿ, ಎರಡು ಸಲ. ನಮ್ಮ ಅತ್ತಿಗೆ ಗೊತ್ತಿಲ್ರಿ."

ಡಾಕ್ಟರು ಹೆಸರು ಓದಿದರು. "ಇದರಾಗ ಸ್ಟಿರಾಯ್ಡ್ ಐತಿ. ನಿಮ್ಮ ಮನಿಯವರಿಗೆ ನೋಡಿ ಕೊಟ್ಟದ್ದು. ಇಂಥ ಕಣ್ಣಿಗೆ ಕೇಳದ ಹಾಕಿದ್ರ ಗಾಯ ಹೆಚ್ಚಾಗಬಹುದು."

"ನಾನೂ ಹಾಕೇನ್ರಿ, ಸಾಹೇಬ್ರ," ಅಂದರು ಅತ್ತೆ. "ಬೇವಿನ ತಪ್ಪಲ ಅರದು, ಅದರ ರಸ. ನಿನ್ನೆ ಸಂಜಿಕ, ಇಕಿ ರೊಟ್ಟಿ ಮಾಡೂ ಹೊತ್ತಿನ್ಯಾಗ."

ನಾನು ಅವರ ಮುಖ ನೋಡಿದೆ. ತಡಿ ಎಂದು ನನಗೆ ಹೇಳಿದ ಹೆಂಗಸು ನಿನ್ನೆಯೇ ನನ್ನಷ್ಟೇ ಹೆದರಿದ್ದರು. ಒಂದೇ ಮನೆಯಲ್ಲಿ, ಒಂದೇ ಕಣ್ಣಿಗೆ, ಒಬ್ಬರಿಗೊಬ್ಬರು ತಿಳಿಯದಂತೆ ಕದ್ದು ಮದ್ದು ಹಾಕಿದ್ದೆವು.

ಡಾಕ್ಟರು ಬೈಯಲಿಲ್ಲ. ಕಣ್ಣು ತೊಳೆಸಿ, ಹಳದಿ ಬಣ್ಣದ ಔಷಧಿ ಹಚ್ಚಿ ನೀಲಿ ಬೆಳಕು ಬಿಟ್ಟರು. ಗಾಯವಿದ್ದಲ್ಲಿ ಹಸಿರು ಹೊಳೆಯುತ್ತದೆ ಅಂದರು. ಅತ್ತೆ ತಲೆ ಹಿಡಿದಿದ್ದರು, ನಾನು ಎರಡೂ ಕೈ. ಡಾಕ್ಟರು ನೋಡುತ್ತಲೇ ಇದ್ದರು.

"ಕರಿ ಗುಡ್ಡಿ ಅಂಚಿಗೆ ಒಂದು ಸಣ್ಣ ಗೀರು ಐತಿ. ನಡುವ ಇಲ್ಲ. ನಿಮ್ಮ ಎರಡೂ ಔಷಧ ಬಂದ್ ಮಾಡ್ರಿ. ನಾ ಕೊಟ್ಟದ್ದಷ್ಟ ಹಾಕಿ ನಾಳೆ ಮತ್ತ ಕರಕೊಂಡು ಬರ್ರಿ. ಅಲ್ಲೀತನ ಏನೂ ಹೇಳಾಕ ಬರಂಗಿಲ್ಲ."

ಗಾಡಿಯಲ್ಲಿ ನಾನೇ ಮೊದಲು ಮಾತಾಡಿದೆ. "ನಾಳೆ ನೀರು ಹಾಕೂದಿತ್ತಲ್ರಿ, ಅತ್ತಿ."

"ತಾಯಿಗೆ ಅಷ್ಟು ಅವಸರ ಇಲ್ಲ. ನೀ ಇನ್ನ ನನಗ ಹೇಳದ ಏನೂ ಹಾಕಬ್ಯಾಡ."

"ನೀವೂ ಹಾಕಬ್ಯಾಡ್ರಿ."

ಅವರು ತ್ರಿವೇಣಿಯ ಕಣ್ಣಿಗೆ ಬೆಳಕು ಬೀಳದಂತೆ ನನ್ನ ಸೆರಗು ಎಳೆದರು.

ಈಗ ಅನ್ನಕ್ಕಿಟ್ಟು ಬಂದಿದ್ದೇನೆ. ತ್ರಿವೇಣಿ ಮಲಗಿದ್ದಾಳೆ. ಅತ್ತೆಗೆ ಓದಲು ಬಾರದು. ಮಗು ಮಲಗುವ ಮೊದಲು ಹೊಸ ಬಾಟಲಿ ತಂದು, "ಇದ ಹೌದಲ್ಲ?" ಎಂದು ಕೇಳಿದರು. ಚೀಟಿ ನೋಡಿ ಹೌದೆಂದೆ. ಇಬ್ಬರೂ ಸೇರಿ ಹನಿ ಹಾಕಿದೆವು. ನಾಳೆ ಬೆಳಗ್ಗೆ ಆ ಕಣ್ಣು ಬಿಡಿಸಿ, ಅಲ್ಲೇನೈತಿ ಹೇಳು ಎಂದು ಮತ್ತೆ ಕೇಳಬೇಕು. ಯಾರು ಕೇಳಬೇಕೆಂದು ನಾವಿನ್ನೂ ಮಾತಾಡಿಕೊಂಡಿಲ್ಲ.